ಥಳುಕಿನ ಕತ್ತಿ, ಬಡಪಾಯಿ ಗದ್ದ

ತರಕಾರಿ ಹೆಚ್ಚುವ ಕತ್ತಿ ಕೆಟ್ಟದಾದರೆ ನಷ್ಟ ಬದನೆಕಾಯಿಗೆ. ಕ್ಷೌರದ ಕತ್ತಿ ಕೆಟ್ಟದಾದರೆ ನಷ್ಟ ಯಾರಿಗೆ ಎಂದು ಬಿಡಿಸಿ ಹೇಳಬೇಕಿಲ್ಲ. ಆದರೂ ಅಜ್ಜಂದಿರ ಕಾಲದ ಆ ಮಡಚುವ ಕತ್ತಿಯ ಮೇಲೆ ಈಗಿನ ಹುಡುಗರಿಗೆ ಎಲ್ಲಿಲ್ಲದ ಮೋಹ. ಮೋಹವೇನೋ ಸರಿ, ಬೆಲೆ ಮಾತ್ರ ಸಾವಿರ ರೂಪಾಯಿ ದಾಟಬಾರದು!

ನಾನು ಬಹಳ ಕಾಲದಿಂದ ಇಂಥ ಕತ್ತಿಯಲ್ಲೇ ಗಡ್ಡ ಹೆರೆದುಕೊಳ್ಳುವವನು. ಎರಡೂ ಕಿವಿ ಇನ್ನೂ ಸ್ವಸ್ಥಾನದಲ್ಲಿರುವುದರಿಂದ ನೆಂಟರ ಪೈಕಿ ನನಗೆ ಪರಿಣತನೆಂಬ ಹೆಸರು. ಹೋದ ತಿಂಗಳು ತಂಗಿಯ ಮಗ ಆನ್‌ಲೈನಿನಲ್ಲಿ ಒಂದು ಕತ್ತಿ ತರಿಸಿ, “ಮಾವ, ಹೇಗಿದೆ ನೋಡಿ ಹೇಳಿ” ಎಂದು ತಂದಿಟ್ಟ.

ಡಬ್ಬಿಗೆ ಕೆಂಪು ಮಖಮಲ್ಲು. ಹಿಡಿಯ ಮೇಲೆ ಬಾಯಿ ತೆರೆದ ಡ್ರ್ಯಾಗನ್. ಅಲಗಿನ ತುಂಬ ಡಮಾಸ್ಕಸ್ ಉಕ್ಕಿನ ಅಲೆಅಲೆ ಚಿತ್ತಾರ. ಆ ಅಲೆಗಳು ಕತ್ತಿಯ ಬೆನ್ನಿನ ತನಕ ಬಂದು, ಹೆದರಿದವರಂತೆ ಅಲ್ಲಿಗೇ ನಿಂತಿದ್ದವು. ಪದರ ಪದರವಾಗಿ ಬಡಿದ ಉಕ್ಕಾದರೆ ಚಿತ್ತಾರ ಬೆನ್ನು ದಾಟಿ ಆಚೆ ಮಗ್ಗುಲಿಗೂ ಇಳಿಯಬೇಕು. ಇದು ಮೇಲೆ ಕೊರೆದ ರಂಗೋಲಿ. ಮೇಲೆ ಥಳುಕು, ಒಳಗಿನ ಹುಳುಕು ನೋಡುವುದಷ್ಟೇ ಬಾಕಿ.

ಈ ಕತ್ತಿಯ ಜಾತಕವೆಲ್ಲ ಇರುವುದು ಬೆನ್ನಿನಲ್ಲಿ. ಸಾಣೆಕಲ್ಲಿನ ಮೇಲೆ ಬೆನ್ನು, ಬಾಯಿ ಎರಡೂ ಒಟ್ಟಿಗೆ ಮಲಗುತ್ತವೆ. ಅಲಗಿನ ಅಗಲಕ್ಕೆ ತಕ್ಕ ಬೆನ್ನಿನ ದಪ್ಪವಿದ್ದರೆ ಸುಮಾರು 16ರಿಂದ 18 ಡಿಗ್ರಿಯ ಕೋನ ತಾನಾಗಿ ಬರುತ್ತದೆ. ಬೆನ್ನು ಸೊಟ್ಟಗಿದ್ದರೆ ಜನ್ಮವಿಡೀ ಮಸೆದರೂ ಬಾಯಿ ನೆಟ್ಟಗಾಗದು. ಹಾಗಾಗಿ ಗೋಡೆಯ ಕನ್ನಡಿ ಇಳಿಸಿ, ಕತ್ತಿಯನ್ನು ಅದರ ಮೇಲೆ ಮಲಗಿಸಿ, ತುದಿಯನ್ನು ಬೆರಳಲ್ಲಿ ಮೆಲ್ಲಗೆ ಒತ್ತಿದೆ. ಟಕ್ ಎಂದಿತು. ಬುಡ ಒತ್ತಿದೆ, ಮತ್ತೆ ಟಕ್. ಕುಂಟು ಕುರ್ಚಿಯ ಹಾಗೆ ಓಲಾಡುವ ಕತ್ತಿಯನ್ನು ಗಂಟಲ ಹತ್ತಿರ ತರುವುದು ಜಾಣತನವಲ್ಲ.

ಬೆಳಕಿಗೆ ಹಿಡಿದರೆ, ಮಸೆದ ಅಂಚಿನ ಗೆರೆ ಬುಡದಲ್ಲಿ ಅಗಲ, ನಡುವೆ ದಾರದೆಳೆ, ತುದಿಯಲ್ಲಿ ನಾಪತ್ತೆ. ಬಾಯನ್ನು ನೇರ ಎದುರಿನಿಂದ ನೋಡಿದರೆ ಅಲ್ಲಲ್ಲಿ ಮಿಣುಕು. ಹರಿತವಾದ ಬಾಯಿ ಹಾಗೆ ಮಿನುಗುವುದಿಲ್ಲ, ಬೆಳಕು ಕುಳಿತುಕೊಳ್ಳಲು ಅಲ್ಲಿ ಜಾಗವೇ ಇರುವುದಿಲ್ಲ. ಮಡಚಿದಾಗ ಅಲಗು ಹಿಡಿಯ ಎರಡು ಹೋಳುಗಳ ನಟ್ಟನಡುವೆ ಇಳಿಯಬೇಕು. ಇದು ಒಂದು ಮಗ್ಗುಲಿಗೆ ಕರ್ರೆಂದು ತಾಗುತ್ತಿತ್ತು. ಇದ್ದಬದ್ದ ಹರಿತವೂ ಮಡಚುವುದರಲ್ಲೇ ಮುಗಿಯಿತು.

ಎರಡನೇ ಅಭಿಪ್ರಾಯವೂ ಇರಲಿ ಎಂದು ಬೀದಿಯ ಕೊನೆಯ ಸಲೂನಿಗೆ ಒಯ್ದೆವು. ಅಲ್ಲೀಗ ಬ್ಲೇಡು ಸಿಕ್ಕಿಸುವ ಕತ್ತಿ. ಗಿರಾಕಿಯ ಕಣ್ಣೆದುರೇ ಹೊಸ ಬ್ಲೇಡನ್ನು ಕಾಗದದ ಸಮೇತ ಚಟ್ಟನೆ ಎರಡು ಮಾಡಿ ಒಂದು ಹೋಳನ್ನು ಸಿಕ್ಕಿಸುತ್ತಾರೆ. ಸೋಂಕಿನ ಭಯ ಬಂದ ಮೇಲೆ ಅದೇ ಕ್ರಮ, ಅದೇ ಸರಿ. ಹಳೆಯ ಕತ್ತಿಯಲ್ಲಿ ಕೈ ಪಳಗಿದ ಅಲ್ಲಿನ ಹಿರಿಯರು ಇದನ್ನು ತಿರುಗಿಸಿ ಮುರುಗಿಸಿ ನೋಡಿ, “ಪೆಟ್ಟಿಗೆ ಚೆನ್ನಾಗಿದೆ ಸಾರ್” ಎಂದರು.

ಇನ್ನು ಖರ್ಚು. ಅಗ್ಗದ ಕತ್ತಿ ಸಾಮಾನ್ಯವಾಗಿ ಗಡ್ಡಕ್ಕೆ ಸಿದ್ಧವಾಗಿ ಬರುವುದಿಲ್ಲ. 1,000 ನಂಬರಿನ ಕಲ್ಲಿನಿಂದ 8,000ದವರೆಗೆ ಮಸೆಯಬೇಕು, ಆಮೇಲೆ ಚರ್ಮದ ಪಟ್ಟಿಗೆ ಉಜ್ಜಬೇಕು. ಕಲ್ಲಿನ ಮೇಲೆ ಬಾಯಿ ಮುಂದೆ, ಪಟ್ಟಿಯ ಮೇಲೆ ಬೆನ್ನು ಮುಂದೆ. ಅದಲುಬದಲಾದರೆ ಗಡ್ಡದ ಬದಲು ಪಟ್ಟಿಗೇ ಕ್ಷೌರ. ಲೆಕ್ಕ ಹಾಕಿದರೆ ಮೂಗಿಗಿಂತ ಮೂಗುತಿ ಭಾರ. ಮಸೆಯುವ ಗೋಜಿಲ್ಲದೆ ಬ್ಲೇಡು ಬದಲಿಸುವ ರೇಜರನ್ನು 1903ರಲ್ಲಿ ಜಿಲೆಟ್ ಕಂಪನಿ ಮಾರಲು ಶುರುಮಾಡಿದಾಗ ಆ ವರ್ಷ ಖರ್ಚಾದದ್ದು ಬರೀ 51 ರೇಜರು, 168 ಬ್ಲೇಡು. ಆಮೇಲೆ ಲೋಕವೇ ಆ ಕಡೆ ವಾಲಿತು. ಗಾಯಕ್ಕಿಂತ ಹೆಚ್ಚಾಗಿ ಈ ಮಸೆಯುವ ರಗಳೆಗೆ ಬೇಸತ್ತೇ ಜನ ಓಡಿದರೆಂದು ನನ್ನ ಗುಮಾನಿ.

ಅಗ್ಗದ್ದೇ ಬೇಕೆಂದರೆ ಹಳೆ ಸಾಮಾನಿನ ಸಂತೆಯಲ್ಲಿ ಜರ್ಮನಿಯ ಜೋಲಿಂಗೆನ್ನಿನದೋ ಇಂಗ್ಲೆಂಡಿನ ಶೆಫೀಲ್ಡಿನದೋ ಹುಡುಕಿ. ಜೋಲಿಂಗೆನ್ ಹೆಸರಿಗೆ 1938ರಿಂದ ಕಾನೂನಿನ ಕಾವಲಿದೆ. ಆದರೂ ನಕಲಿ ಇರುತ್ತದೆ, ಕಣ್ಣಿರಲಿ. ಬೆನ್ನಿನ ಮೇಲಿನ ಕಲೆ ಕ್ಷಮ್ಯ, ಬಾಯಿಗೆ ಹತ್ತಿದ ತುಕ್ಕು ಮಾತ್ರ ಬೇಡ. ಹೊಸದೇ ಆಗಬೇಕೆಂದರೆ ಅಲಗಿನ ಅಗಲ ಇಂಚಿನ 5/8ರಷ್ಟಿರಲಿ, ಮೂತಿ ಗುಂಡಗಿರಲಿ. ಚೂಪು ಮೂತಿ ಕಿವಿಯ ಬುಡಕ್ಕೆ ಶತ್ರು. ಡ್ರ್ಯಾಗನ್ ಇಲ್ಲದಿದ್ದರೆ ಇನ್ನೂ ಒಳ್ಳೆಯದು. ಮೊದಮೊದಲು ಕೆನ್ನೆಗಷ್ಟೇ ಬಳಸಿ, ಗದ್ದ-ಮೀಸೆಯ ಕೆಲಸ ಹಳೆಯ ರೇಜರಿಗೇ ಬಿಡಿ. ಮತ್ತು ದಯವಿಟ್ಟು, ಮದುವೆ ಮನೆಗೆ ಹೊರಡುವ ಬೆಳಿಗ್ಗೆ ಕಲಿಯಲು ಕೂರಬೇಡಿ.