ಮೂರು ತಾಲೂಕಿನ ಕಟ್ಟೆ

ಕಲಬುರಗಿಯ ಅಂಚಿನಲ್ಲಿರುವ ನಮ್ಮ ಕಾಲನಿಯಲ್ಲಿ ಕಲಬುರಗಿಯವರು ಮಾತ್ರ ಇಲ್ಲ. 'ಯಾವೂರ್ರಿ ನಿಮ್ದು?' ಎಂದರೆ ಮೂವತ್ತು ವರ್ಷದಿಂದ ಇಲ್ಲೇ ಕರೆಂಟ್ ಬಿಲ್ ಕಟ್ಟುತ್ತಿರುವವರೂ ಆಳಂದ, ಅಫಜಲಪುರ, ಇಲ್ಲವೇ ಜೇವರ್ಗಿ ಅನ್ನುತ್ತಾರೆ. ಮಕ್ಕಳ ಓದಿಗೆಂದು ಬಂದವರು ಕೆಲವರು, ಪ್ಲಾಟು ಅಗ್ಗಕ್ಕೆ ಸಿಕ್ಕಿತೆಂದು ಬಂದವರು ಕೆಲವರು. ಅಣ್ಣತಮ್ಮಂದಿರ ಜೊತೆ ಬದುವಿನ ಜಗಳ ಸಾಕಾಗಿ ಬಂದವರೂ ಇದ್ದಾರೆ. ಅವರು ಈಗ ಕಾಂಪೌಂಡ್ ಗೋಡೆಯ ಜಗಳವಾಡುತ್ತ ಸುಖವಾಗಿದ್ದಾರೆ.

ಜೋಳ, ತೊಗರಿ, ಶೇಂಗಾ ಎಲ್ಲವೂ ಊರಿಂದಲೇ ಬರಬೇಕು. ನೆಲಕ್ಕೆ ಹೊಳೆಯುವ ಟೈಲ್ಸ್ ಹಾಕಿಸಿದ ಮನೆಯಲ್ಲೂ ಹಿತ್ತಲ ಕೋಣೆಗೆ ಶಹಾಬಾದ್ ಫರ್ಸಿಯೇ. ಮೇ ತಿಂಗಳ ಮಧ್ಯಾಹ್ನ ಮನೆಮಂದಿಯೆಲ್ಲ ಅದರ ಮೇಲೆ ಬೆನ್ನು ಹಚ್ಚಿ ಬಿದ್ದಿರುತ್ತಾರೆ. ಟೈಲ್ಸ್ ಇರುವುದು ಬೀಗರು ಬಂದಾಗ ತೋರಿಸಲಿಕ್ಕೆ.

ಸಂಜೆಯಾದರೆ ಕಟ್ಟೆ ತುಂಬುತ್ತದೆ. ಆಳಂದದ ಮಾಸ್ತರು, ಅಫಜಲಪುರದ ಗೌಡರು, ಜೇವರ್ಗಿಯ ಕಾಕಾ. ಮೂವರೂ ರಿಟೈರ್ ಆದವರು, ಹಾಗಾಗಿ ಯಾರಿಗೂ ಸೋಲಲಿಕ್ಕೆ ಪುರಸೊತ್ತಿಲ್ಲ.

'ನಿಮ್ಮ ಅಮರ್ಜಾ ಹೊಳಿ ಕಡೀಗಿ ಗಾಣಗಾಪುರಕ್ಕ ಬಂದು ನಮ್ಮ ಭೀಮಾಕ್ಕೇ ಕೂಡತದ ನೋಡ್ರಿ ಮಾಸ್ತರ' ಎಂದು ಗೌಡರು ಶುರು ಮಾಡುತ್ತಾರೆ.

'ಖರೆ ಅದ. ಹೆಣ್ಣು ಕೊಟ್ಟ ಮಂದಿ ನಾವು. ಬೀಗರಂಗ ಮರ್ಯಾದಿಲೆ ಮಾತಾಡ್ರಿ.'

ಗೌಡರು ಗಾಣಗಾಪುರದ ದತ್ತಾತ್ರೇಯನನ್ನು ಮುಂದೆ ತರುತ್ತಾರೆ: ಮಹಾರಾಷ್ಟ್ರದಿಂದ ರೈಲು ತುಂಬ ಜನ ಬರ್ತಾರ! ಮಾಸ್ತರು ಒಪ್ಪುತ್ತಾರೆ; ಹಂಗ ಬಂದವರು ಗಾಣಗಾಪುರ ರೋಡ್ ಸ್ಟೇಷನ್ನಿನಲ್ಲಿ ಇಳಿದು, ಗುಡಿ ಇನ್ನೂ ಇಪ್ಪತ್ತು ಕಿಲೋಮೀಟರ್ ಅಂದಾಗ ಏನಂತಾರ ಅನ್ನೂದೂ ಹೇಳ್ರಿ ಅನ್ನುತ್ತಾರೆ. ತಮ್ಮ ಪಾಲಿಗೆ ಅವರು 2009ರ ಕೇಂದ್ರೀಯ ವಿಶ್ವವಿದ್ಯಾಲಯವನ್ನು ಇಟ್ಟುಕೊಂಡಿದ್ದಾರೆ. ಅದು ಇರುವುದು ಆಳಂದ ತಾಲೂಕಿನ ಕಡಗಂಚಿಯಲ್ಲಿ. ಅದನ್ನು ತಾವೇ ಕಟ್ಟಿಸಿದಂತೆ ಮಾತಾಡುತ್ತಾರೆ.

ಕಾಕಾ ಮಾತ್ರ ಅವಸರ ಮಾಡುವವರಲ್ಲ. 2004ರಲ್ಲಿ ಜೇವರ್ಗಿಯ ಶಾಸಕ ಧರ್ಮಸಿಂಗ್ ಮುಖ್ಯಮಂತ್ರಿಯಾದದ್ದನ್ನು ಮೊದಲು ಮೆಲ್ಲಗೆ ಬಿಡುತ್ತಾರೆ. ಆಮೇಲೆ ಎಲೆ ಅಡಿಕೆ ಹಾಕಿಕೊಂಡು, 'ಈ ಶಹರದ ತೇರು ಯಾರದ್ರೀ? ಶರಣಬಸಪ್ಪಂದು. ಶರಣಬಸಪ್ಪ ಎಲ್ಲಿಯವರು? ನಮ್ಮ ಕಡಿ ಅರಳಗುಂಡಗಿಯವರು. ಜೇವರ್ಗಿ ಕಡಿಂದ ಬಂದು ಇಲ್ಲಿ ನೆಲಿ ನಿಂತವರಾಗ ಅವರೇ ಹಿರೇರು. ನಾವೆಲ್ಲ ಅವರ ಹಿಂದ ಬಂದವ್ರು' ಅನ್ನುತ್ತಾರೆ. ಹೋಳಿಯ ನಂತರ ಆ ತೇರು ಎಳೆಯಲು ಮೂರೂ ತಾಲೂಕಿನವರು ಹೋಗುವುದರಿಂದ ಇದಕ್ಕೆ ಉತ್ತರವಿಲ್ಲ.

ಇತಿಹಾಸ ನಮ್ಮಲ್ಲಿ ಟ್ರಂಕಿನಲ್ಲಿದೆ. ದೇಶಕ್ಕೆ ಸ್ವಾತಂತ್ರ್ಯ ಬಂದು ವರ್ಷ ಕಳೆದ ಮೇಲೆ, 1948ರ ಸೆಪ್ಟೆಂಬರ್ 17ಕ್ಕೆ, ನಿಜಾಮನ ಆಳ್ವಿಕೆಯಿಂದ ಬಿಡುಗಡೆಯಾದ ಸೀಮೆ ಇದು. ಮುತ್ಯಾನ ಕಾಲದ ಹೊಲದ ಕಾಗದಗಳೆಲ್ಲ ಉರ್ದುವಿನಲ್ಲಿವೆ. ಪಾಲಿನ ತಕರಾರು ಎದ್ದಾಗ ಹಿಂದಿನ ಗಲ್ಲಿಯ ಉರ್ದು ಮಾಸ್ತರಿಗೆ ಬುಲಾವ್ ಹೋಗುತ್ತದೆ. ಅವರು ಒಂದು ಸಾಲು ಓದಿ ಒಂದು ಚಹಾ ಕುಡಿಯುತ್ತಾರೆ. ಗಡಿ ಎಲ್ಲಿದೆ ಎಂದು ಗೊತ್ತಾಗುವಷ್ಟರಲ್ಲಿ ಸಕ್ಕರೆ ಡಬ್ಬಿ ಖಾಲಿ, ಅಣ್ಣತಮ್ಮಂದಿರೂ ರಾಜಿ. ಗುಲಬರ್ಗಾ 2014ರಲ್ಲಿ ಕಲಬುರಗಿಯಾಯಿತು, ಹೈದರಾಬಾದ್ ಕರ್ನಾಟಕ 2019ರಲ್ಲಿ ಕಲ್ಯಾಣ ಕರ್ನಾಟಕವಾಯಿತು. ನಮ್ಮ ಗಟಾರ ಮಾತ್ರ ಹಳೆಯ ಹೆಸರಿನಲ್ಲೇ ಹರಿಯುತ್ತಿದೆ, ಹರಿದರೆ.

ಎಳ್ಳಮಾವಾಸ್ಯೆಗೆ ಕಾಲನಿ ಪೂರ್ತಿ ಖಾಲಿ. ಚರಗ ಚೆಲ್ಲಲು ಎಲ್ಲರೂ ತಮ್ಮ ತಮ್ಮ ಹೊಲಕ್ಕೆ ಹೋಗುತ್ತಾರೆ. ಕಳ್ಳರೂ ಅವತ್ತು ಬರುವುದಿಲ್ಲ, ಅವರಿಗೂ ಹೊಲ ಇರಬೇಕು. ರಾತ್ರಿ ಮರಳಿದ ಮೇಲೆ ಸಜ್ಜಿ ರೊಟ್ಟಿ, ಭಜ್ಜಿ ಮನೆಯಿಂದ ಮನೆಗೆ ಓಡಾಡುತ್ತವೆ. ಹೋದ ಸಲ ಗೌಡರು ಮಾಸ್ತರ ಮನೆಯ ಭಜ್ಜಿಯನ್ನು ಮೂರು ಸಲ ಹಾಕಿಸಿಕೊಂಡು ಉಂಡು, 'ಉಪ್ಪು ಜರಾ ಕಮ್ಮಿ ಆಗ್ಯಾದ ವೈನಿ. ಅಮರ್ಜಾ ನೀರಿಂದು ಅದೇ ಹಣೇಬಾರ' ಅಂದರು.

'ಹೌದೇನ್ರೀ ಗೌಡ್ರ? ಹಂಗಾರ ತಾಟು ಇಲ್ಲಿ ಕೊಡ್ರಿ' ಎಂದು ವೈನಿ ಕೈ ಚಾಚಿದರು. ಗೌಡರು ತಾಟು ಹಿಡಿದುಕೊಂಡೇ ಆಚೆ ತಿರುಗಿ ಕೂತರು.