ಮಣ್ಣೆತ್ತಿನ ಶೃಂಗಾರ

ಜ್ಯೇಷ್ಠದ ಕೊನೆಗೆ ಮಣ್ಣೆತ್ತಿನ ಅಮಾವಾಸ್ಯೆ ಬಂತೆಂದರೆ ನಮ್ಮ ಇಂಡಿ ಮನೆಗೆ ನಾನೇ ಆಸ್ಥಾನ ಕಲಾವಿದ. ಎರೆಮಣ್ಣು ನಾದಿ ಎತ್ತು ಮಾಡುವವಳು ಹೆಂಡತಿ. ಬಣ್ಣ ನನ್ನ ಪಾಲು. ಮೊದಲು ಸುಣ್ಣ. ಅದು ಒಣಗುವ ತನಕ ಚಹಾ. ಆಮೇಲೆ ಕೋಡಿಗೆ ಕೆಂಪು, ಬೆನ್ನಿಗೆ ಹಸಿರು ಝೂಲ, ಕೊರಳಿಗೆ ಒಂದೊಂದೇ ಕುಸುಬಿ ಕಾಳು ಒತ್ತಿದ ಗೆಜ್ಜೆಸರ. ಕಣ್ಣು ಬರೆಯುವಾಗ ಉಸಿರು ಬಿಗಿಹಿಡಿದೆ. ಎತ್ತು ಒಂದು ಕಣ್ಣಲ್ಲಿ ಸಿಂದಗಿ, ಇನ್ನೊಂದರಲ್ಲಿ ಮುದ್ದೇಬಿಹಾಳ ನೋಡತೊಡಗಿತು!

ಬೆಂಗಳೂರಿನ ಮೊಮ್ಮಗ 28 ಮಿಲಿಮೀಟರಿನ ಯುದ್ಧದ ಗೊಂಬೆಗಳಿಗೆ ಹುಬ್ಬು ತೀಡುವ ಆಸಾಮಿ. ಕಣ್ಣು ಕಿರಿದು ಮಾಡಿ, “ಅಜ್ಜಾ, ಇದು ಡ್ರ್ಯಾಗನ್ನಾ?” ಅಂದ. ಬಸವನ ಬಾಗೇವಾಡಿಯ ಬೀಗರು ಮಾತ್ರ ದೊಡ್ಡ ಮನಸ್ಸಿನವರು: “ಕುರಿ ಭಾಳ ಚಲೋ ಆಗೇದ್ರಿ.”

ಒಳಗಿನಿಂದ ಹೆಂಡತಿ ಕೂಗಿದಳು: “ಪೂಜಿಗೆ ಹೊತ್ತಾತು, ಜೋಡಿ ಎತ್ತಿಗೂ ಹಂಗೇ ಹಚ್ಚ್ರಿ. ಒಂದು ಹಂಗ, ಒಂದು ಹಿಂಗ ಕಂಡ್ರ ನಗತಾರ!”