ಘೋಷವಾಕ್ಯದ ಮೇಷ್ಟ್ರು

ಶಾಲೆಯ ಮೆರವಣಿಗೆ ಹೊರಡುವ ಹಿಂದಿನ ದಿನ, ಸ್ತಬ್ಧಚಿತ್ರ ಹೊತ್ತ ಟ್ರ್ಯಾಕ್ಟರ್‌ಗೆ ನಾಲ್ಕು ಪದ ಹೊಂದಿಸಿಕೊಡುವವರೇ ಘೋಷವಾಕ್ಯದ ಮೇಷ್ಟ್ರು. ಇವರು ಸಾಮಾನ್ಯವಾಗಿ ಕನ್ನಡ ಪಾಠ ಮಾಡುತ್ತಾರೆ. ಅವರು ರಜೆ ಹಾಕಿದ್ದರೆ ಕೆಲಸ ಸಮಾಜದ ಮೇಷ್ಟ್ರ ಕೊರಳಿಗೆ ಬೀಳುತ್ತದೆ. ಗಣಿತದವರನ್ನು ಕೇಳಿದ ನಿದರ್ಶನವಿಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಕಂದಾಯದ ಲೆಕ್ಕದಲ್ಲಿ ತುಮಕೂರು ಜಿಲ್ಲೆಯ ತಾಲ್ಲೂಕುಗಳು, ಶಾಲೆಯ ಲೆಕ್ಕದಲ್ಲಿ ಮಾತ್ರ ಪ್ರತ್ಯೇಕ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಈ ನಾಲ್ಕರಲ್ಲೂ ಇಂಥವರಿಲ್ಲದ ಪ್ರೌಢಶಾಲೆ ಅಪರೂಪ.

ಆಗಸ್ಟ್ 15, ನವೆಂಬರ್ 1, ಜನವರಿ 26 ಇವರಿಗೆ ಕಷ್ಟದ ದಿನಗಳಲ್ಲ. ‘ಹಸಿರೇ ಉಸಿರು’, ‘ಕಾಡು ಬೆಳೆಸಿ ನಾಡು ಉಳಿಸಿ’ ಬೀರುವಿನಲ್ಲೇ ಸುತ್ತಿಟ್ಟಿರುತ್ತವೆ. ದೂಳು ಕೊಡವಿದರೆ ಸಾಕು. ಪರೀಕ್ಷೆ ಎದುರಾಗುವುದು ಗುರುವಂದನೆಯಲ್ಲಿ. ಎಸ್ಸೆಸ್ಸೆಲ್ಸಿ ಮುಗಿಸಿ ಇಪ್ಪತ್ತೈದು ವರ್ಷವಾದವರು ವಾಟ್ಸ್‌ಆ್ಯಪ್‌ನಲ್ಲಿ ಒಬ್ಬರನ್ನೊಬ್ಬರು ಹುಡುಕಿಕೊಂಡು, ಬೆಂಗಳೂರಿನಿಂದ ಕಾರು ಮಾಡಿಕೊಂಡು ಬಂದು, ನಿವೃತ್ತ ಗುರುಗಳನ್ನು ಹೂವು ಕಟ್ಟಿದ ಟ್ರ್ಯಾಕ್ಟರ್ ಮೇಲೆ ಕೂರಿಸಿ ಊರು ಸುತ್ತಿಸುವ ಹಬ್ಬ ಅದು. ‘ಸಾರ್, ಒಂದು ಲೈನ್ ಬರ್ಕೊಡಿ. ಓದಿದ್ರೆ ಕಣ್ಣಲ್ಲಿ ನೀರು ಬರ್ಬೇಕು, ಪ್ರಾಸಾನೂ ಇರ್ಬೇಕು’ ಎಂಬುದು ಬೇಡಿಕೆ. ‘ಮರಳಿ ಗೂಡಿಗೆ’ ಎಂಬ ಸಲಹೆ ಅಷ್ಟರಲ್ಲಾಗಲೇ ಗುಂಪಿನಲ್ಲಿ ಒಂಬತ್ತು ಜನರಿಂದ ಬಂದಿರುತ್ತದೆ.

ಮೇಷ್ಟ್ರು ಅರ್ಥದಿಂದ ಶುರು ಮಾಡುವುದಿಲ್ಲ, ಊರಿನ ಹೆಸರಿನ ಬಾಲದಿಂದ ಶುರು ಮಾಡುತ್ತಾರೆ. ಮಧುಗಿರಿಯವರು ಪುಣ್ಯವಂತರು: ಗಿರಿ ಎಂದ ಕೂಡಲೇ ಗುರಿ, ಗರಿ, ಸಿರಿ ತಾವಾಗಿ ಬಂದು ಸಾಲಿನಲ್ಲಿ ನಿಲ್ಲುತ್ತವೆ. ಏಕಶಿಲಾ ಬೆಟ್ಟವನ್ನೂ ಗಳು ಕಟ್ಟಿ, ಗೋಣಿಚೀಲ ಹೊದಿಸಿ ಟ್ರೇಲರ್ ಮೇಲೆ ಎಬ್ಬಿಸಬಹುದು. ತುದಿಯಲ್ಲಿ ಬಾವುಟ ಹಿಡಿದ ಹುಡುಗ ಅಡ್ಡ ತಂತಿ ಕಂಡಲ್ಲೆಲ್ಲ ಬಗ್ಗಬೇಕು, ಅಷ್ಟೆ. ಶಿರಾದಲ್ಲಿ ‘ಶಿರ’ ಎತ್ತುವುದೊಂದೇ ದಾರಿ. ಅದನ್ನು ಎಲ್ಲ ಶಾಲೆಯವರೂ ಎತ್ತಿ ಮುಗಿಸಿದ್ದಾರೆ. ಕೊರಟಗೆರೆಗೆ ‘ಕರೆ’ ಕೂಡುತ್ತದೆ. ಪಾವಗಡಕ್ಕೆ ಪ್ರಾಸ ಸುಲಭಕ್ಕೆ ಸಿಗುವುದಿಲ್ಲವಾಗಿ ಅಲ್ಲಿನ ಮೇಷ್ಟ್ರು ವಿಷಯವನ್ನೇ ನೆಚ್ಚಬೇಕು. ಬಹುಶಃ ಅದಕ್ಕೇ ಅಲ್ಲಿನ ವಾಕ್ಯಗಳಲ್ಲಿ ಸ್ವಲ್ಪ ಸತ್ವ ಹೆಚ್ಚು. ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಬಂದ ಮೇಲಂತೂ ಥರ್ಮೊಕೋಲ್‌ಗೆ ನೀಲಿ ಕಾಗದ ಅಂಟಿಸಿ ‘ಬಿಸಿಲೇ ನಮ್ಮ ಬೆಳೆ’ ಎಂದು ಬರೆದರೆ, ಮನೆಯಲ್ಲಿ ತೆಲುಗಾಡುವ ಮಕ್ಕಳೂ ‘ಬಾಗುಂದಿ ಸಾರ್’ ಎನ್ನುತ್ತಾರೆ.

ಬರೆದದ್ದು ಸಮಿತಿಗೆ ಹೋಗುತ್ತದೆ. ‘ಅಂದು ನೀವು ಕೈ ಹಿಡಿದಿರಿ, ಇಂದು ನಾವು’ ಎಂಬ ಸಾಲು ಒಳಗೆ ಹೋಗುವಾಗ ಆರು ಪದ. ಹೆಡ್ ಮೇಷ್ಟ್ರು ‘ಸಂಸ್ಕಾರ’ ಬೇಕೆನ್ನುತ್ತಾರೆ. ಎಸ್‌ಡಿಎಂಸಿ ಅಧ್ಯಕ್ಷರು ‘ರೈತ ಬರ್ಲೇಬೇಕು’ ಎನ್ನುತ್ತಾರೆ. ದೇಣಿಗೆ ಕೊಟ್ಟ ಸಾಫ್ಟ್‌ವೇರ್‌ನವರು ಇಂಗ್ಲಿಷಿನಲ್ಲೂ ಒಂದಿರಲಿ ಎನ್ನುತ್ತಾರೆ. ಹೊರಬರುವಾಗ ಸಾಲು ಹದಿನೇಳು ಪದದ್ದು. ಆಗ ಮೇಷ್ಟ್ರು ತಪ್ಪದೆ ದೆಹಲಿಯನ್ನು ಸಾಕ್ಷಿಗೆ ಕರೆಯುತ್ತಾರೆ: 2023ರ ಗಣರಾಜ್ಯೋತ್ಸವದಲ್ಲಿ ಕರ್ನಾಟಕದ ಸ್ತಬ್ಧಚಿತ್ರ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರನ್ನು ಸಾಲುಮರದ ತಿಮ್ಮಕ್ಕ, ತುಳಸಿ ಗೌಡರ ಜೊತೆ ಮೆರೆಸಿತು. ಕಾಸು ಕೇಳದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದ ಆ ತಾಯಿಯೂ ಸೇರಿದಂತೆ ಮೂವರಿಗೂ ‘ನಾರಿ ಶಕ್ತಿ’ ಎಂಬ ಎರಡೇ ಪದ ಸಾಕಾಯಿತಲ್ಲ? ‘ಅದು ದಿಲ್ಲಿ, ಸಾರ್’ ಎಂದು ಸಮಿತಿ ಎದ್ದು ಚಹಾಕ್ಕೆ ಹೋಗುತ್ತದೆ.

ಕೊನೆಯ ತೀರ್ಮಾನ ಫ್ಲೆಕ್ಸ್ ಅಂಗಡಿಯ ಹುಡುಗನದು. 8 ಅಡಿ ಅಗಲದ ಬ್ಯಾನರ್‌ನಲ್ಲಿ ಶಾಸಕರು, ಮಾಜಿ ಶಾಸಕರು, ದಾನಿಗಳು, ದಾನಿಗಳ ತಂದೆಯವರು ಎಲ್ಲರ ಫೋಟೊ ಕೂತ ಮೇಲೆ ಉಳಿಯುವುದು ಗೇಣಗಲದ ಪಟ್ಟಿ. ಹದಿನೇಳು ಪದದಲ್ಲಿ ಅವನಿಗೆ ಹಿಡಿಸಿದ ಐದು ಅಲ್ಲಿ ಕೂರುತ್ತವೆ. ‘ಗುರುವಂದನೆ’ಯು ‘ಗುರುಬಂಧನ’ವಾಗದಂತೆ ಅವನ ಬೆನ್ನ ಹಿಂದೆ ಸ್ಟೂಲ್ ಹಾಕಿಕೊಂಡು ಕಾಯುವುದಷ್ಟೇ ಮೇಷ್ಟ್ರ ಪಾಲಿಗೆ ಉಳಿದ ಸಾಹಿತ್ಯಸೇವೆ.

ಮೆರವಣಿಗೆ ಮುಗಿದ ಮೇಲೆ ಫ್ಲೆಕ್ಸ್, ಬಾಡಿಗೆ ಕೇಳದ ಟ್ರ್ಯಾಕ್ಟರ್ ಮಾಲೀಕರಿಗೆ ಸೇರುತ್ತದೆ. ಕಡಲೆಕಾಯಿ ರಾಶಿಗೆ ಹೊದಿಸಲು 8 ಅಡಿ ಸಾಲದು, ಮುಂದಿನ ಸಲ 12 ಅಡಿ ಮಾಡಿಸಿ, ಮೇಷ್ಟ್ರು ಬರೆದದ್ದೂ ಪೂರ್ತಿ ಹಿಡಿಸುತ್ತದೆ ಎಂದು ಸಮಿತಿಯ ಮುಂದೆ ವಾದಿಸುವವರು ಅವರೊಬ್ಬರೇ.